ಎತ್ತಿನ ಹಲ್ಲು, ಗೋಕಾಕದ ಘೇಂಡಾಮೃಗ

ಕಳೆದ ಬೇಸಿಗೆಯಲ್ಲಿ ಕುಪ್ಪೇಲೂರಿನಿಂದ ನಮ್ಮ ಗುಂಪಿಗೆ ಒಂದು ಫೋಟೊ ಬಂತು. ಹೊಲದಲ್ಲಿ ಕೃಷಿ ಹೊಂಡ ತೋಡುವಾಗ ಜೆಸಿಬಿ ಬಕೆಟ್ಟಿನ ಮಣ್ಣಿನ ಜೊತೆ ಮೇಲೆ ಬಂದ ಒಂದು ಹಲ್ಲು. ನಡುಬೆರಳಿನಷ್ಟು ಉದ್ದ, ಕಂದುಗಪ್ಪು ಬಣ್ಣ, ಬುಡಕ್ಕೆ ಸುಣ್ಣದ ಹರಳು ಅಂಟಿಕೊಂಡಿತ್ತು. ಪಕ್ಕದಲ್ಲಿ ಅಳತೆಗೆ ಅಂತ ಬೀಡಿ ಕಟ್ಟು ಇಟ್ಟು ಫೋಟೊ ತೆಗೆದಿದ್ದರು. ಸಂಜೆಯ ಹೊತ್ತಿಗೆ ಅದೇ ಫೋಟೊ ನಾಲ್ಕೂರು ಸುತ್ತಿ, 'ಡೈನೋಸಾರ್ ಹಲ್ಲು', 'ರಾಕ್ಷಸನ ಹಲ್ಲು' ಎಂದು ಹೆಸರು ಕಟ್ಟಿಕೊಂಡು ಮತ್ತೆ ನಮ್ಮ ಮೊಬೈಲಿಗೇ ಬಂತು.

ತಪ್ಪು ಒಪ್ಪಿಕೊಳ್ಳುತ್ತೇವೆ. ಆ ರಾತ್ರಿ ನಾವೂ ಒಂದು ತಲೆಬರಹ ಬರೆದಿಟ್ಟಿದ್ದೆವು. ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಹಾಕಿದರೆ ಯಾವ ಸುಳ್ಳೂ ಸುದ್ದಿಯಾಗುತ್ತದೆ ಎಂಬ ಕೆಟ್ಟ ಅಭ್ಯಾಸ ನಮಗೂ ಇದೆ. ಕಳಿಸುವ ಮುಂಚೆ ಒಮ್ಮೆ ಕಣ್ಣಾರೆ ನೋಡೋಣ ಎಂದು ಮರುದಿನ ಬೆಳಿಗ್ಗೆ ಬೈಕ್ ಹತ್ತಿದ್ದು ಒಳ್ಳೆಯದಾಯಿತು.

ಹೊಂಡದ ದಂಡೆಯಲ್ಲಿ ಕೂತಿದ್ದ ಅಜ್ಜ ಒಬ್ಬರು ಆ ಹಲ್ಲನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಅವರ ಪ್ರಾಯದಲ್ಲಿ ಜಾತ್ರೆ ಜಾತ್ರೆ ತಿರುಗಿ ದನದ ವ್ಯಾಪಾರ ಮಾಡಿದವರು.

"ಇದೇನ್ ರಾಕ್ಷಸಂದಲ್ಲ ತಮ್ಮಾ, ಎತ್ತಿನ ದವಡಿ ಹಲ್ಲು. ವಯಸ್ಸಾದ ಎತ್ತು. ನೋಡಿಲ್ಲಿ, ಮ್ಯಾಲಿಂದು ಎಷ್ಟು ಸವದೈತಿ."

"ಇಷ್ಟು ಕರಿ ಯಾಕಾಗೇತ್ರಿ ಅಜ್ಜಾ?"

"ಎರಿ ಮಣ್ಣಾಗ ಹತ್ತಿಪ್ಪತ್ತು ವರ್ಷ ಇದ್ರ ನೀನೂ ಕರಿ ಆಗ್ತಿ."

ಪರಿಚಯದ ಪಶುವೈದ್ಯರೊಬ್ಬರಿಗೆ ಫೋಟೊ ಕಳಿಸಿದಾಗ ಅವರೂ ಅದನ್ನೇ ಹೇಳಿದರು: ಎತ್ತಿನದು, ತೀರಾ ಹಳೆಯದಲ್ಲ, ಕಲ್ಲಾಗಿಲ್ಲ. ಸುದ್ದಿ ಸತ್ತಿತು. ಆದರೆ ಅಜ್ಜ ಮಾಡಿದ ಕೆಲಸ ನಮ್ಮ ತಲೆಯಲ್ಲಿ ಉಳಿಯಿತು. ಒಂದು ಹಲ್ಲು ನೋಡಿ ಯಾವ ಪ್ರಾಣಿ, ಎಷ್ಟು ವಯಸ್ಸು ಎಂದು ಹೇಳಿದರಲ್ಲ, ಭೂಮಿಯ ಹಳೆಯ ಹವಾಮಾನ ಹುಡುಕುವ ವಿಜ್ಞಾನಿಗಳ ಓದು ಶುರುವಾಗುವುದೂ ಅಲ್ಲಿಂದಲೇ.

ನಮ್ಮ ಕಡೆ ಯಾರಿಗೂ ಇದು ಹೊಸದಲ್ಲ. ಸಂತೆಯಲ್ಲಿ ಹೋರಿ ಕೊಳ್ಳುವವನು ಮೊದಲು ಹಿಡಿಯುವುದು ಬಾಯಿ. ಹಾಲಲ್ಲಿನ ಕರು, ಎರಡಲ್ಲು, ನಾಕಲ್ಲು, ಆರಲ್ಲು, ಆಮೇಲೆ ಬಾಯಿಗೂಡಿದ ಎತ್ತು. ಮಾರುವವನ ಮಾತು ಸುಳ್ಳಾಗಬಹುದು, ಹಲ್ಲಿನದ್ದು ಸುಳ್ಳಾಗುವುದಿಲ್ಲ. ನಾವು ನೋಡುವುದು ಕೆಳದವಡೆಯ ಮುಂದಿನ ಹಲ್ಲು. ದನಕ್ಕೆ ಮೇಲೆ ಮುಂದಿನ ಹಲ್ಲೇ ಇಲ್ಲ. ವಿಜ್ಞಾನಿಗಳು ಹೆಚ್ಚಾಗಿ ಹುಡುಕುವುದು ಹಿಂದಿನ ದವಡೆ ಹಲ್ಲು. ಪ್ರಾಣಿಯ ಮೈಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಹಲ್ಲಿನ ಮೇಲಿನ ಬಿಳಿ ಹೊದಿಕೆ, ಅಂದರೆ ಎನಾಮೆಲ್. ಮಾಂಸ ಹೋಗುತ್ತದೆ, ಎಲುಬು ಪುಡಿಯಾಗುತ್ತದೆ, ಹಲ್ಲು ಉಳಿಯುತ್ತದೆ.

ಹಾಗಾದರೆ ನಮ್ಮ ನಾಡಿನ ಮಣ್ಣಿನಲ್ಲಿ ನಿಜವಾಗಿ ಹಳೆಯ ಹಲ್ಲು ಸಿಕ್ಕಿದ್ದುಂಟೆ? ಸಿಕ್ಕಿದೆ. ಅದೂ ಎತ್ತಿನದಲ್ಲ, ಘೇಂಡಾಮೃಗದ್ದು.

ರಾಬರ್ಟ್ ಬ್ರೂಸ್ ಫುಟ್ ಎಂಬ ಹೆಸರು ಕೆಲವರಿಗೆ ಪಠ್ಯಪುಸ್ತಕದಲ್ಲಿ ಸಿಕ್ಕಿರಬಹುದು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ ಬ್ರಿಟಿಷ್ ಅಧಿಕಾರಿ. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಹೆಕ್ಕಿ, ಈ ದೇಶದಲ್ಲಿ ಮನುಷ್ಯನ ಕಥೆ ಎಷ್ಟು ಹಿಂದಕ್ಕೆ ಹೋಗುತ್ತದೆ ಎಂದು ತೋರಿಸಿದವರು. ಮುಂದೆ ಅವರು ನಮ್ಮ ಉತ್ತರ ಕರ್ನಾಟಕದ ಭಾಗಗಳ ಕಲ್ಲು ಮಣ್ಣು ಸರ್ವೆ ಮಾಡುತ್ತ ಬಂದರು. ಗೋಕಾಕ ಹತ್ತಿರ, ಅವರ ಬರಹದಲ್ಲಿ ಚಿಕ್‌ದೌಲಿ ಎಂದಿರುವ ಊರಿನ ಹಳ್ಳದಲ್ಲಿ, ಕಪ್ಪು ಜೇಡಿಮಣ್ಣಿನಲ್ಲಿ ಹೂತಿದ್ದ ತಲೆಬುರುಡೆಯ ಚೂರುಗಳೂ ಹಲ್ಲು ಸಮೇತ ದವಡೆಯೂ ಅವರಿಗೆ ಸಿಕ್ಕವು. ಅದು ಹೊಸ ಜಾತಿಯ ಘೇಂಡಾಮೃಗ ಎಂದು ನಿರ್ಧರಿಸಿ 1874ರಲ್ಲಿ ಚಿತ್ರ ಸಮೇತ ಪ್ರಕಟಿಸಿದರು. ಇಟ್ಟ ಹೆಸರು ರೈನೋಸೆರೋಸ್ ಡೆಕ್ಕನೆನ್ಸಿಸ್. ಅಂದರೆ ದಖ್ಖನ್ನಿನ ಘೇಂಡಾಮೃಗ.

ಇವತ್ತು ಘೇಂಡಾಮೃಗ ನೋಡಬೇಕೆಂದರೆ ಅಸ್ಸಾಮಿನ ಕಾಜಿರಂಗಕ್ಕೆ ಹೋಗಬೇಕು. ಆಳೆತ್ತರದ ಹುಲ್ಲು, ಕೆಸರು, ಮೈ ಅದ್ದಿಕೊಂಡು ಬಿದ್ದಿರಲು ನೀರು, ಇಷ್ಟಿಲ್ಲದೆ ಅದು ಬಾಳುವುದಿಲ್ಲ. ಅಂಥ ಪ್ರಾಣಿ ಗೋಕಾಕದ ಎರೆ ಹೊಲದಲ್ಲಿ! ಓದಿದ ಕೂಡಲೇ ಯಾರಿಗಾದರೂ ಅನ್ನಿಸುವುದು ಒಂದೇ: ಹಿಂದೆ ಇಲ್ಲೆಲ್ಲ ದಟ್ಟ ಕಾಡಿತ್ತು, ಅಸ್ಸಾಮಿನ ಹಾಗೆ ಮಳೆ ಸುರಿಯುತ್ತಿತ್ತು, ಮನುಷ್ಯ ಮರ ಕಡಿದು ಹಾಳು ಮಾಡಿದ. ನಮ್ಮ ಊರುಗಳಲ್ಲಿ ಪರಿಸರದ ಭಾಷಣ ಮಾಡುವವರಿಗೂ ಈ ಕಥೆ ಬಹಳ ಇಷ್ಟ.

ಸ್ವಲ್ಪ ತಡೆಯಿರಿ. ಮೊಘಲ ದೊರೆ ಬಾಬರ್ ತನ್ನ ಆತ್ಮಕಥೆಯಲ್ಲಿ, 16ನೇ ಶತಮಾನದ ಆರಂಭದಲ್ಲಿ ಈಗಿನ ಪೇಶಾವರದ ಕಡೆ ಘೇಂಡಾಮೃಗದ ಬೇಟೆ ಆಡಿದ್ದನ್ನು ಬರೆದಿದ್ದಾನೆ. ಪೇಶಾವರವೇನು ಮಳೆನಾಡೇ? ಅಲ್ಲ, ನಮ್ಮ ರಾಣೆಬೆನ್ನೂರಿಗಿಂತಲೂ ಕಡಿಮೆ ಮಳೆಯ ಸೀಮೆ. ಆದರೆ ದೂರದ ಬೆಟ್ಟಗಳಿಂದ ನೀರು ತರುವ ನದಿಗಳಿದ್ದವು, ಅವುಗಳ ದಂಡೆಗೆ ಜವುಗು ಇತ್ತು, ಆಪು ಹುಲ್ಲಿತ್ತು. ಘೇಂಡಾಮೃಗಕ್ಕೆ ಅಷ್ಟು ಸಾಕಾಗಿತ್ತು.

ಘಟಪ್ರಭೆಯೂ ಹುಟ್ಟುವುದು ಪಶ್ಚಿಮಘಟ್ಟದಲ್ಲಿ. ಗೋಕಾಕದಲ್ಲಿ ಹನಿ ಮಳೆ ಬೀಳದಿದ್ದರೂ ಘಟ್ಟದಲ್ಲಿ ಸುರಿದರೆ ಹೊಳೆ ತುಂಬುತ್ತದೆ. ತುಂಗಭದ್ರೆಯದೂ ಅದೇ ಕಥೆ ಎಂದು ನದಿದಂಡೆಯ ನಮ್ಮ ಓದುಗರಿಗೆ ಹೇಳಬೇಕಿಲ್ಲ: ಆಕಾಶ ಬಿಸಿಲು ಕಾರುತ್ತಿರುವಾಗಲೇ ಹೊಳೆ ಉಕ್ಕಿ ಹೊಲ ಮುಳುಗಿದ್ದನ್ನು ನೋಡಿದ್ದಾರೆ. ಹಾಗಾಗಿ 'ಇಲ್ಲಿ ಘೇಂಡಾಮೃಗ ಇತ್ತು' ಎಂಬ ಒಂದೇ ಮಾತಿನಿಂದ 'ಇಲ್ಲಿ ಮಳೆಗಾಡಿತ್ತು' ಎಂಬ ತೀರ್ಮಾನಕ್ಕೆ ಬರಲಾಗುವುದಿಲ್ಲ. ಹೊಳೆಯ ಪಕ್ಕ ನೀರಿತ್ತು ಎನ್ನಬಹುದು. ಮೇಲಿನ ಬಯಲು ಹೇಗಿತ್ತು? ಅದಕ್ಕೆ ಪ್ರಾಣಿಯ ಹೆಸರು ಸಾಲದು, ಹಲ್ಲಿನ ಒಳಗೇ ಹೊಕ್ಕು ನೋಡಬೇಕು.

ಮೊದಲು ಹಲ್ಲಿನ ಆಕಾರ. ಗಿಡದ ಎಲೆ ಮೇಯುವ ಪ್ರಾಣಿಗೆ ಗಿಡ್ಡ ಹಲ್ಲು ಸಾಕು, ಎಲೆ ಮೆತ್ತಗಿರುತ್ತದೆ. ಹುಲ್ಲು ಹಾಗಲ್ಲ. ಭತ್ತದ ಗರಿ ಎಳೆದಾಗ ಬೆರಳು ಕೊಯ್ದುಕೊಂಡವರಿಗೆ ಗೊತ್ತು, ಅದರಲ್ಲಿ ಗಾಜಿನಂಥ ಮರಳಿನಂಶ ಇದೆ. ಜೊತೆಗೆ ನೆಲಕ್ಕೆ ಬಾಯಿ ಹಚ್ಚಿ ಮೇಯುವಾಗ ಧೂಳು ಬೇರೆ. ಹುಲ್ಲು ಮೇಯುವ ಪ್ರಾಣಿಯ ಹಲ್ಲು ಜೀವಮಾನವಿಡೀ ಅರೆಯುವ ಕಲ್ಲಿನ ಹಾಗೆ ಸವೆಯುತ್ತ ಹೋಗುತ್ತದೆ. ಅದಕ್ಕೇ ದನ, ಕುದುರೆ, ಕೃಷ್ಣಮೃಗಗಳಿಗೆ ಎತ್ತರದ ದವಡೆ ಹಲ್ಲು. ಆನೆಗಂತೂ ಒಂದು ಸಾಲದೆಂದು ಒಂದಾದ ಮೇಲೊಂದು, ಜೀವಮಾನಕ್ಕೆ ಆರು ಸರದಿ ದವಡೆ ಹಲ್ಲು ಹಿಂದಿನಿಂದ ಮುಂದಕ್ಕೆ ಜರುಗಿ ಬರುತ್ತವೆ. ಹಲ್ಲಿನ ಮೇಲಿನ ಸೂಕ್ಷ್ಮ ಗೀರುಗಳನ್ನು ದುರ್ಬೀನಿನಲ್ಲಿ ನೋಡಿದರೆ ಸಾಯುವ ಮುಂಚಿನ ಕೆಲವು ದಿನ ಪ್ರಾಣಿ ಏನು ಮೇದಿತ್ತು ಎಂದೂ ಗೊತ್ತಾಗುತ್ತದೆ: ಹುಲ್ಲಿನದು ಗೀರು, ಗಟ್ಟಿ ಕಾಯಿ ಬೀಜದ್ದು ಗುಂಡಿ.

ಎರಡನೆಯದು ಹಲ್ಲಿನೊಳಗಿನ ರಸಾಯನ. ಇದು ನಮಗೂ ಮೊದಲ ಸಲ ತಲೆಗೆ ಹತ್ತಲಿಲ್ಲ. ನಾವು ಅರ್ಥ ಮಾಡಿಕೊಂಡ ರೀತಿಯಲ್ಲೇ ಹೇಳುತ್ತೇವೆ.

ಗಾಳಿಯಲ್ಲಿರುವ ಇಂಗಾಲದಲ್ಲಿ ಎರಡು ಬಗೆ, ಹಗುರದ್ದು ಒಂದು, ಸ್ವಲ್ಪ ಭಾರದ್ದು ಒಂದು. ಗಿಡಗಳು ಗಾಳಿಯಿಂದ ಇಂಗಾಲ ಹೀರಿ ಬೆಳೆಯುತ್ತವಲ್ಲ, ಎಲ್ಲ ಗಿಡಗಳ ಹೀರುವ ಪದ್ಧತಿ ಒಂದೇ ಅಲ್ಲ. ಮರಗಳು, ಪೊದೆಗಳು, ಭತ್ತ, ಗೋಧಿ, ತೊಗರಿ, ಹೆಸರು, ಹತ್ತಿ ಇವೆಲ್ಲ ಒಂದು ಗುಂಪು; ಭಾರದ ಇಂಗಾಲವನ್ನು ಹೆಚ್ಚು ಒಲ್ಲೆ ಎನ್ನುವವು. ಜೋಳ, ಸಜ್ಜೆ, ರಾಗಿ, ಗೋವಿನಜೋಳ, ಕಬ್ಬು ಮತ್ತು ನಮ್ಮ ಬಿಸಿಲು ಸೀಮೆಯ ಬಹುಪಾಲು ಹುಲ್ಲು ಇನ್ನೊಂದು ಗುಂಪು. ಇವುಗಳಲ್ಲಿ ಭಾರದ ಇಂಗಾಲದ ಪಾಲು ಜಾಸ್ತಿ. ಪ್ರಾಣಿ ಯಾವುದನ್ನು ಮೇಯುತ್ತದೋ ಅದರ ಲೆಕ್ಕ ಹಲ್ಲಿನಲ್ಲಿ ಕೂರುತ್ತದೆ. ಹಲ್ಲಿನಿಂದ ಸಣ್ಣ ಡ್ರಿಲ್ಲಿನಲ್ಲಿ ಚಿಟಿಕೆ ಪುಡಿ ತೆಗೆದು ಯಂತ್ರಕ್ಕೆ ಹಾಕಿದರೆ, ಈ ಪ್ರಾಣಿ ಬಯಲ ಹುಲ್ಲು ಮೇದಿತ್ತೋ ಕಾಡಿನ ಎಲೆ ಮೇದಿತ್ತೋ ಗೊತ್ತಾಗುತ್ತದೆ.

ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಸಾಲಿನಲ್ಲಿ ಹೀಗೆ ನೋಡಿದಾಗ ದೊಡ್ಡ ಸಂಗತಿಯೇ ಹೊರಬಿತ್ತು. ಸುಮಾರು 80 ಲಕ್ಷದಿಂದ 60 ಲಕ್ಷ ವರ್ಷಗಳ ಹಿಂದಿನ ಅವಧಿಯಲ್ಲಿ ಹಲ್ಲುಗಳಲ್ಲೂ ಹಳೆಯ ಮಣ್ಣಿನಲ್ಲೂ ಇಂಗಾಲದ ಲೆಕ್ಕ ಎಲೆಯ ಕಡೆಯಿಂದ ಹುಲ್ಲಿನ ಕಡೆಗೆ ವಾಲಿದೆ. ಅಂದರೆ ಮನುಷ್ಯ ಹುಟ್ಟುವುದಕ್ಕೂ, ಕೊಡಲಿ ಹಿಡಿಯುವುದಕ್ಕೂ ಎಷ್ಟೋ ಮುಂಚೆಯೇ ಈ ಉಪಖಂಡದಲ್ಲಿ ಹುಲ್ಲುಬಯಲು ಹರಡಿಕೊಂಡಿತ್ತು.

ನೀರಿನ ಲೆಕ್ಕ ಆಮ್ಲಜನಕದಲ್ಲಿದೆ. ಅದರಲ್ಲೂ ಹಗುರ, ಭಾರ ಎಂಬ ಬಗೆಗಳುಂಟು. ಬಿಸಿಲಿಗೆ ಕೆರೆ ಬತ್ತುವಾಗ ಹಗುರದ್ದು ಮೊದಲು ಆವಿಯಾಗುತ್ತದೆ, ಉಳಿದ ನೀರಿನಲ್ಲಿ ಭಾರದ್ದರ ಪಾಲು ಏರುತ್ತದೆ. ಮುಂಗಾರು ಜಡಿದು ಹೊಡೆದಾಗ ಬೀಳುವ ನೀರಿನಲ್ಲಿ ಹಗುರದ್ದು ಜಾಸ್ತಿ. ದನದ ದವಡೆ ಹಲ್ಲು ಒಂದೇ ದಿನಕ್ಕೆ ಬೆಳೆಯುವುದಿಲ್ಲ, ತುದಿಯಿಂದ ಬುಡಕ್ಕೆ ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಒಂದೇ ಹಲ್ಲಿನಲ್ಲಿ ಮೇಲಿನಿಂದ ಕೆಳಕ್ಕೆ ಸಾಲಾಗಿ ಪುಡಿ ತೆಗೆದರೆ ಬೇಸಿಗೆ, ಮಳೆಗಾಲ, ಮತ್ತೆ ಬೇಸಿಗೆ ಎಂದು ಸರದಿ ಕಾಣುತ್ತದೆ. ಸಾವಿರಾರು ವರ್ಷ ಹಿಂದೆ ಯಾವುದೋ ಒಂದು ಕರು ಬೆಳೆದ ವರ್ಷದ ಮಳೆಗಾಲ! ಅದರಲ್ಲೂ ವಿಜ್ಞಾನಿಗಳು ಕೊನೆಯಲ್ಲಿ ಹುಟ್ಟುವ ದವಡೆ ಹಲ್ಲನ್ನೇ ಹುಡುಕುತ್ತಾರೆ. ಮೊದಲು ಹುಟ್ಟುವ ಹಲ್ಲಿನಲ್ಲಿ ತಾಯಿಯ ಹಾಲಿನ ಲೆಕ್ಕ ಬೆರೆತಿರುತ್ತದೆ.

ಇಲ್ಲಿ ನಮ್ಮ ಕುಪ್ಪೇಲೂರಿನ ಎತ್ತಿನ ವಿಷಯಕ್ಕೆ ಒಂದು ನಿಮಿಷ ಬರೋಣ. ಇವತ್ತಿನ ನಮ್ಮ ದನದ ಹಲ್ಲು ಸಾವಿರಾರು ವರ್ಷ ಕಳೆದು ಯಾರಿಗಾದರೂ ಸಿಕ್ಕಿತು ಎನ್ನಿ. ಇಂಗಾಲ ನೋಡಿ ಅವರು ಏನೆನ್ನುತ್ತಾರೆ? ಹುಲ್ಲುಬಯಲಿನ ಪ್ರಾಣಿ ಎನ್ನುತ್ತಾರೆ. ಅದು ತಿಂದದ್ದು ಗೋವಿನಜೋಳದ ಸೊಪ್ಪೆ ಮತ್ತು ಜೋಳದ ಕಣಿಕೆ, ಎರಡೂ ಹುಲ್ಲಿನ ಗುಂಪಿನವೇ. ಗೋಮಾಳ ಹೋಗಿ ಎಷ್ಟೋ ವರ್ಷವಾಗಿದೆ ಎಂದು ಹಲ್ಲು ಹೇಳುವುದಿಲ್ಲ. ಆಮ್ಲಜನಕ ನೋಡಿದರೆ ಬೇಸಿಗೆಗೂ ಮಳೆಗಾಲಕ್ಕೂ ಅಷ್ಟು ವ್ಯತ್ಯಾಸವೇ ಕಾಣದಿರಬಹುದು, ಏಕೆಂದರೆ ಅದು ವರ್ಷವಿಡೀ ಕುಡಿದದ್ದು ಬೋರ್‌ವೆಲ್ಲಿನ ನೀರು. ಬರಗಾಲದ ವರ್ಷವೂ ಸುಖದ ವರ್ಷದ ಹಾಗೆ ಕಾಣಬಹುದು. ಹಲ್ಲು ಸುಳ್ಳು ಹೇಳುವುದಿಲ್ಲ ಎಂದೆವು. ಓದುವವನು ತಪ್ಪಾಗಿ ಓದಬಹುದು. ಒಂದು ಹಲ್ಲಿನಿಂದ ಹವಾಮಾನ ಬರೆಯಬಾರದು ಎಂದು ವಿಜ್ಞಾನಿಗಳು ಪದೇ ಪದೇ ಹೇಳುವುದು ಇದಕ್ಕೇ. ಹತ್ತು ಹಲ್ಲು ಬೇಕು, ಬೇರೆ ಬೇರೆ ಪ್ರಾಣಿಯದ್ದು ಬೇಕು, ಜೊತೆಗೆ ಮಣ್ಣೂ ಬೇಕು. ಆನೆ, ಘೇಂಡಾಮೃಗ, ದನ ದಿನಾ ಹೊಟ್ಟೆ ತುಂಬ ನೀರು ಕುಡಿಯುವವು, ಅವುಗಳ ಹಲ್ಲಿನಲ್ಲಿ ಹೊಳೆ ಕೆರೆಯ ಲೆಕ್ಕ ಇರುತ್ತದೆ. ಎಲೆಯ ತೇವದಲ್ಲೇ ದಿನ ದೂಡಬಲ್ಲ ಪ್ರಾಣಿಗಳ ಹಲ್ಲಿನಲ್ಲಿ ಗಾಳಿ ಎಷ್ಟು ಒಣಗಿತ್ತು ಎಂಬುದರ ಲೆಕ್ಕ.

ಎಷ್ಟು ಹಳೆಯದು ಎಂಬುದು ಇನ್ನೊಂದು ಪ್ರಶ್ನೆ. ಫುಟ್ ಕಾಲದಲ್ಲಿ ಅದನ್ನು ಅಳೆಯುವ ಯಂತ್ರ ಇರಲಿಲ್ಲ. ಈಗ ಇದೆ, ಮತ್ತು ನಮ್ಮ ರಾಜ್ಯದ ಹಲ್ಲುಗಳ ಮೇಲೇ ಅದನ್ನು ಪ್ರಯೋಗಿಸಿದ್ದಾರೆ. ಯಾದಗಿರಿ ಜಿಲ್ಲೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ದಶಕಗಟ್ಟಲೆ ಹಳ್ಳಿ ಹಳ್ಳಿ ತಿರುಗಿ ಹಳೆ ಶಿಲಾಯುಗದ ನೂರಾರು ನೆಲೆ ಗುರುತಿಸಿದರು. ಅಲ್ಲಿನ ತೆಗ್ಗಿಹಳ್ಳಿಯಲ್ಲಿ ಸಿಕ್ಕ ದನದ ಜಾತಿಯ ಹಲ್ಲು, ಸದಬ ಎಂಬಲ್ಲಿ ಸಿಕ್ಕ ಆನೆಯ ಹಲ್ಲು, ಎರಡೂ ಸುಮಾರು 2 ಲಕ್ಷ 90 ಸಾವಿರ ವರ್ಷ ಹಳೆಯವು ಎಂದು ಯುರೇನಿಯಂ ಲೆಕ್ಕದಿಂದ ಗೊತ್ತಾಯಿತು. ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೊಡಲಿ ಮಾಡುತ್ತಿದ್ದ ಜಾಗ ಸಿಕ್ಕಿತು. ಅಲ್ಲಿನ ಹಲ್ಲಿನ ಎನಾಮೆಲ್ಲನ್ನು ಇನ್ನೊಂದು ಪದ್ಧತಿಯಲ್ಲಿ ಅಳೆದು 2002ರಲ್ಲಿ ಪ್ರಕಟಿಸಿದ ವಯಸ್ಸು ಸುಮಾರು 12 ಲಕ್ಷ ವರ್ಷ. ಮಣ್ಣಿನೊಳಗೆ ಸಹಜವಾಗಿರುವ ವಿಕಿರಣ ಹಲ್ಲಿಗೆ ತಾಗುತ್ತಲೇ ಇರುತ್ತದೆ, ಅದರ ಗುರುತು ಎನಾಮೆಲ್ಲಿನಲ್ಲಿ ಕೂಡುತ್ತ ಹೋಗುತ್ತದೆ. ಕರೆಂಟ್ ಮೀಟರಿನ ಹಾಗೆ. ಮೀಟರ್ ಓದಿದರೆ ಎಷ್ಟು ಕಾಲ ಉರಿದಿದೆ ಎಂದು ಗೊತ್ತಾಗುತ್ತದೆ.

ಹುಣಸಗಿ ನಮ್ಮ ಹಾಗೆಯೇ, ಬಹುಶಃ ನಮಗಿಂತ ಹೆಚ್ಚಾಗಿಯೇ, ಬಿಸಿಲು ಸೀಮೆ. ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಕುಡಿಯುವ ಆನೆ ಅಲ್ಲಿ ಹೇಗಿತ್ತು? ಆ ಕಣಿವೆಯ ಅಂಚಿನಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆಗಳಿದ್ದವು ಎಂಬುದು ಪದ್ದಯ್ಯನವರ ವಿವರಣೆ. ಮಳೆಗಾಲದಲ್ಲಿ ಕಣಿವೆಯ ತುಂಬ ಚದುರಿ ಹೋಗುವ ಮನುಷ್ಯರು ಬೇಸಿಗೆಯಲ್ಲಿ ಒರತೆಯ ಸುತ್ತ ಸೇರುತ್ತಿದ್ದರು. ಆನೆ, ದನಗಳೂ ಅಲ್ಲಿಗೇ ಬರುತ್ತಿದ್ದಿರಬೇಕು. ಮತ್ತೆ ಅದೇ ಮಾತು ಬಂತು ನೋಡಿ: ಇಡೀ ನಾಡು ಹಸಿರಾಗಿರಬೇಕಿಲ್ಲ, ನೀರು ನಿಲ್ಲುವ ಕೆಲವು ಜಾಗ ಗಟ್ಟಿಯಾಗಿರಬೇಕು.

ಫುಟ್ 1884–85ರಲ್ಲಿ ಕರ್ನೂಲು ಸೀಮೆಯ ಬೇತಂಚೆರ್ಲ ಹತ್ತಿರದ ಬಿಲ್ಲಸುರ್ಗಂ ಗವಿಗಳನ್ನು ಅಗೆಸಿದರು. ಕೆಲಸದಲ್ಲಿ ಅವರ ಮಗ ಹೆನ್ರಿ ಜೊತೆಗಿದ್ದ. ರಾಶಿ ರಾಶಿ ಎಲುಬು, ಹಲ್ಲು ಸಿಕ್ಕವು. ಅವನ್ನು ಪರೀಕ್ಷಿಸಿದ ಲಿಡೆಕರ್ ಎಂಬ ತಜ್ಞ 1886ರಲ್ಲಿ ಪಟ್ಟಿ ಮಾಡಿದ. ಆ ಪಟ್ಟಿ ಓದಿದರೆ ಗೊಂದಲವಾಗುತ್ತದೆ. ಘೇಂಡಾಮೃಗ ಇದೆ. ಕಡವೆ ಇದೆ. ದಟ್ಟ ಪೊದೆಯೊಳಗೆ ಅಡಗಿ ಬಾಳುವ, ಮೊಲದ ಗಾತ್ರದ, ಕೊಂಬಿಲ್ಲದ ಕಾಡುಜಿಂಕೆ ಇದೆ. ಅದೇ ಗವಿಗಳಲ್ಲಿ ಕೃಷ್ಣಮೃಗವೂ ಇದೆ, ಬಯಲು ಸೀಮೆಯ ಚಿಂಕಾರವೂ ಇದೆ. ಕಾಡಿನವೂ ಬಯಲಿನವೂ ಒಂದೇ ಕಡೆ. ನೂರು ವರ್ಷ ದಾಟಿದ ಮೇಲೆ ಹೊಸ ತಂಡ ಅದೇ ಗವಿಗಳಲ್ಲಿ ಪದರ ಪದರವಾಗಿ ಕಾಲ ಅಳೆದು 2014ರಲ್ಲಿ ಪ್ರಕಟಿಸಿದ ಫಲಿತಾಂಶ ನಮ್ಮ ಮಟ್ಟಿಗೆ ಈ ಇಡೀ ಕಥೆಯಲ್ಲೇ ದೊಡ್ಡದು. ಸುಮಾರು 2 ಲಕ್ಷ ವರ್ಷಗಳ ಅವಧಿಯಲ್ಲಿ ಅವರು ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಇವತ್ತಿಗೂ ಉಪಖಂಡದಲ್ಲಿ ಎಲ್ಲಾದರೊಂದು ಕಡೆ ಬದುಕಿವೆ. ಕಣ್ಮರೆಯಾದದ್ದು ಒಂದೇ, ಈಗ ಆಫ್ರಿಕದ ಇಥಿಯೋಪಿಯದಲ್ಲಿರುವ ಗೆಲಾಡ ಮಂಗದ ಹತ್ತಿರದ ಜಾತಿ.

ಆ 2 ಲಕ್ಷ ವರ್ಷಗಳಲ್ಲಿ ಮುಂಗಾರು ಏನು ಒಂದೇ ತರ ಇತ್ತೇ? ಇಲ್ಲ. ಸುಮಾರು 20 ಸಾವಿರ ವರ್ಷದ ಹಿಂದೆ ಜಗತ್ತು ಹಿಮಯುಗದ ಚಳಿಯಲ್ಲಿದ್ದಾಗ ಮುಂಗಾರು ಬಹಳ ಕುಗ್ಗಿತ್ತು. 9 ಸಾವಿರ ವರ್ಷದ ಹಿಂದೆ ಈಗಿಗಿಂತ ಜೋರಾಗಿತ್ತು. ನಾಲ್ಕು ಸಾವಿರ ವರ್ಷದಿಂದೀಚೆಗೆ ಮತ್ತೆ ಇಳಿಯಿತು. ಪ್ರಾಣಿಗಳು ಇದನ್ನೆಲ್ಲ ದಾಟಿ ಬಂದವು. ಮಳೆ ಕಡಿಮೆಯಾದಾಗ ಕಾಡಿನವು ಹೊಳೆಸಾಲಿಗೆ ಸರಿದವು, ಬಯಲಿನವು ಹರಡಿದವು. ಮಳೆ ಹೆಚ್ಚಿದಾಗ ಅದರ ಉಲ್ಟಾ. ಸರಿಯಲು ದಾರಿ ಇತ್ತು, ಹೋಗಿ ನಿಲ್ಲಲು ಜಾಗ ಇತ್ತು.

ಈಗ ನಮ್ಮ ಮನೆ ಹಿತ್ತಿಲಿಗೆ ಬರೋಣ. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು, 119 ಚದರ ಕಿ.ಮೀ. ಕೃಷ್ಣಮೃಗ ಕಾಡಿನ ಪ್ರಾಣಿ ಅಲ್ಲವೇ ಅಲ್ಲ. ಅದಕ್ಕೆ ಬೇಕಾದದ್ದು ಕಣ್ಣು ಹಾಯುವಷ್ಟು ತೆರೆದ ಬಯಲು, ಗಿಡ್ಡ ಹುಲ್ಲು, ಓಡಲು ಜಾಗ. ಒಂದು ಕಾಲಕ್ಕೆ ಇಲ್ಲಿ ಎರೆಭೂತ ಹಕ್ಕಿಯೂ ಇತ್ತು, ಅದೂ ಹುಲ್ಲುಬಯಲಿನದೇ. ಅಂಥ ಅಭಯಾರಣ್ಯದ ಬಹುಭಾಗದಲ್ಲಿ ನೆಟ್ಟದ್ದು ನೀಲಗಿರಿ. ಹುಲ್ಲುಬಯಲು ಅಂದರೆ ಖಾಲಿ ಜಾಗ, ಹಿಂದೆ ಇದ್ದ ಕಾಡು ಕಡಿದು ಹಾಳಾದ ಜಾಗ, ಗಿಡ ನೆಟ್ಟರೆ ಪುಣ್ಯ ಎಂಬ ನಂಬಿಕೆ ಸರ್ಕಾರಕ್ಕೂ ಇತ್ತು, ನಮಗೂ ಇತ್ತು. ಶಾಲೆಯಲ್ಲಿ ಗಿಡ ನೆಡುವ ದಿನ ಗೋಮಾಳದಲ್ಲೇ ಗುಂಡಿ ತೋಡಿದ ನೆನಪು ನಮ್ಮಲ್ಲಿ ಹಲವರಿಗಿದೆ.

ಬಿಲ್ಲಸುರ್ಗಂ ಗವಿಯ ಕೃಷ್ಣಮೃಗದ ಹಲ್ಲು ಹೇಳುವುದು ಬೇರೆ. ದಖ್ಖನ್ನಿನ ಒಣ ಸೀಮೆಯಲ್ಲಿ ತೆರೆದ ಹುಲ್ಲುಬಯಲು ನಿನ್ನೆ ಮೊನ್ನೆ ಕೊಡಲಿಯಿಂದ ಆದದ್ದಲ್ಲ. ನೇಗಿಲು ಬರುವ ಮುಂಚೆಯೂ ಇತ್ತು. ಘೇಂಡಾಮೃಗದ ಜವುಗು ಎಷ್ಟು ಹಳೆಯದೋ ಕೃಷ್ಣಮೃಗದ ಬಯಲೂ ಹಾಗೆಯೇ ಹಳೆಯದು, ಒಂದರ ಪಕ್ಕ ಒಂದು ಇದ್ದವು. ಇವತ್ತು ಜವುಗು ಬತ್ತಿಸಿ ಗದ್ದೆ ಮಾಡಿದ್ದೇವೆ, ಬಯಲಿಗೆ ಮರ ನೆಟ್ಟಿದ್ದೇವೆ, ನಡುವೆ ಉಳಿದದ್ದಕ್ಕೆ ತಂತಿ ಬೇಲಿ. ಹೊಲಕ್ಕೆ ನುಗ್ಗಿ ಗೋವಿನಜೋಳದ ಎಳೆ ಸುಳಿ ಮೇಯುವ ಚಿಗರಿಯ ಮೇಲೆ ರೈತರ ಸಿಟ್ಟು ನ್ಯಾಯವಾದದ್ದೇ. ರಾತ್ರಿ ಕಾವಲು ಕೂತವರ ಕಷ್ಟ ನಮಗೆ ಗೊತ್ತು. ಆದರೆ ಅದಕ್ಕೆ ಸರಿಯಲು ಜಾಗ ಎಲ್ಲಿದೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಹಲ್ಲು, ಎಲುಬಿನ ಮಾತು ಬಂದಾಗ ನಮ್ಮ ಜಿಲ್ಲೆಯ ಹಳ್ಳೂರನ್ನು ಬಿಡುವಂತಿಲ್ಲ. ತುಂಗಭದ್ರಾ ದಂಡೆಯ ಈ ಊರಿನ ದಿಬ್ಬವನ್ನು 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆಸಿದರು. ಸಿಕ್ಕ ಪ್ರಾಣಿ ಎಲುಬುಗಳನ್ನು ಓದಿದವರು ಕೆ.ಆರ್. ಆಲೂರ. ಅದರಲ್ಲಿ ಕುದುರೆಯದೂ ಇದೆ ಎಂದು ಅವರು ಬರೆದ ಕೂಡಲೇ ಕುದುರೆ ಈ ನಾಡಿಗೆ ಯಾವಾಗ ಬಂತು, ಯಾರ ಜೊತೆ ಬಂತು ಎಂಬ ಜಗಳ ಹತ್ತಿಕೊಂಡಿತು. 1992ರಲ್ಲಿ ಅವರೇ ಆ ವಿವಾದದ ಬಗ್ಗೆ ಬರೆಯಬೇಕಾಯಿತು. ನಮಗೆ ಆ ಕುದುರೆಗಿಂತ ಅಲ್ಲಿನ ದನದ ಹಲ್ಲಿನ ಮೇಲೆ ಆಸೆ. ಮೂರು ಸಾವಿರ ವರ್ಷಕ್ಕೂ ಹಿಂದೆ ತುಂಗಭದ್ರೆಯ ದಂಡೆಯಲ್ಲಿ ಮೇದ ದನ ಯಾವ ಹುಲ್ಲು ತಿಂದಿತ್ತು, ಬೇಸಿಗೆಯಲ್ಲಿ ಎಲ್ಲಿ ನೀರು ಕುಡಿಯುತ್ತಿತ್ತು? ಈ ಭಾಗದ ಮುಂಗಾರಿನ ಲೆಕ್ಕ ಅಂಥ ಹಲ್ಲಿನಲ್ಲಿ ಕೂತಿರುತ್ತದೆ.

ಡೈನೋಸಾರ್ ಹುಡುಕುವವರಿಗೆ ಮಾತ್ರ ಒಂದು ನಿರಾಶೆಯ ಸುದ್ದಿ. ಕುಪ್ಪೇಲೂರಿನ ಕೆಳಗಿರುವ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಭೂವಿಜ್ಞಾನಿಗಳು ಈ ಕಲ್ಲಿನ ಒಂದು ಬಗೆಗೆ ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿದ್ದಾರೆ. ಅದು ಆದ ಕಾಲದಲ್ಲಿ ಹಲ್ಲಿರುವ ಜೀವಿಯೇ ಭೂಮಿಯ ಮೇಲೆ ಇರಲಿಲ್ಲ. ಕಲ್ಲಿನೊಳಗೆ ಹುಡುಕಿದರೆ ಏನೂ ಸಿಗದು. ಸಿಕ್ಕರೆ ಸಿಗಬೇಕಾದದ್ದು ಅದರ ಮೇಲಿನ ಎರೆಮಣ್ಣಿನ ಬುಡದಲ್ಲಿ, ಹಳ್ಳದ ದಂಡೆ ಕುಸಿದಲ್ಲಿ, ಹೊಳೆಯ ಹಳೆ ಮರಳು ಜಲ್ಲಿಯ ಪದರದಲ್ಲಿ. ಗೋಕಾಕದಲ್ಲಿ ಸಿಕ್ಕಿದ್ದೂ ಅಂಥ ಕಡೆಯೇ. ಈಗ ಹಗಲು ರಾತ್ರಿ ಯಂತ್ರ ಇಳಿಯುತ್ತಿರುವುದೂ ಅಂಥ ಕಡೆಗೇ: ಕೃಷಿ ಹೊಂಡ, ಕಾಲುವೆ, ಹೂಳು, ಮರಳು. ಫುಟ್ ಹಳ್ಳದ ದಂಡೆಯಲ್ಲಿ ನಡೆದುಹೋಗುತ್ತ ನೋಡಿದರು. ಜೆಸಿಬಿಯವನಿಗೆ ಗಂಟೆಯ ಲೆಕ್ಕ, ಅವನು ನೋಡುವುದಿಲ್ಲ, ಅವನನ್ನು ಬೈದು ಪ್ರಯೋಜನವಿಲ್ಲ.

ಹೊಂಡದ ಮಾಲೀಕರಿಗೆ ನಾವು ಹೇಳಿದ್ದು ಇಷ್ಟೇ. ಇನ್ನೇನಾದರೂ ಬಂದರೆ ತೊಳೆಯಬೇಡಿ, ಒಡೆದು ನೋಡಬೇಡಿ, ಎಷ್ಟು ಅಡಿ ಆಳದಲ್ಲಿ ಬಂತು, ಯಾವ ಬಣ್ಣದ ಮಣ್ಣಿನಲ್ಲಿ ಬಂತು ಎಂದು ಬರೆದಿಡಿ. ಅಂಟಿಕೊಂಡ ಮಣ್ಣು ಹಾಗೇ ಇರಲಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಬೀಡಿ ಕಟ್ಟೂ ನಡೆಯುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿಸುವವರಿದ್ದಾರೆ, ಅವರಿಗೆ ತೋರಿಸಬಹುದು. ಎಲ್ಲಿ, ಎಷ್ಟು ಆಳ ಎಂಬ ಲೆಕ್ಕ ತಪ್ಪಿದ ಹಲ್ಲು ಶೋಕೇಸಿನಲ್ಲಿಡಲು ಮಾತ್ರ ಬರುತ್ತದೆ.

ಅವರು ತಲೆಯಾಡಿಸಿದರು. ಅಜ್ಜ ಮಾತ್ರ ಆ ಎತ್ತಿನ ಹಲ್ಲನ್ನು ಬಿಟ್ಟುಕೊಡಲಿಲ್ಲ. ಮೊಮ್ಮಗನಿಗೆ ತೋರಿಸಬೇಕು, ಅವನಿಗೆ ಟ್ರ್ಯಾಕ್ಟರಿನ ಟೈರ್ ನೋಡಿ ಎಷ್ಟು ಓಡಿದೆ ಎಂದು ಹೇಳಲು ಬರುತ್ತದೆ, ಎತ್ತಿನ ಬಾಯಿ ನೋಡಲು ಬರುವುದಿಲ್ಲ ಎಂದರು. ಅಂಗಿಯ ಕಿಸೆಗೆ ಹಾಕಿಕೊಂಡು ಮನೆ ಕಡೆ ನಡೆದರು. ಮರುದಿನ ಹೊಂಡ ಇನ್ನೂ ನಾಲ್ಕು ಅಡಿ ಕೆಳಗೆ ಹೋಯಿತು. ಸುಣ್ಣದ ಹರಳು ಬಿಟ್ಟರೆ ಏನೂ ಬರಲಿಲ್ಲ ಎಂದು ರಾತ್ರಿ ಒಂಬತ್ತಕ್ಕೆ ಮೆಸೇಜ್ ಬಂತು. ಆಳವನ್ನು ಮಾತ್ರ ಬರೆದಿದ್ದರು: 12 ಅಡಿ, ಹಳದಿ ಮಣ್ಣು.